ಸಂದರ್ಶಕರ ರಿಜಿಸ್ಟರಿನಲ್ಲಿ ಗುಂಡು

ಮಾರ್ಚ್ 3, ಬೆಳಗ್ಗೆ 8.10
ಗೇಟ್ ತೆರೆದದ್ದಾಯಿತು. ಮೊದಲ ಸಂದರ್ಶಕರು ಎಂದಿನಂತೆ ನನ್ನ ಸೊಂಟದ ಮೇಲೆ ಕುಳಿತೇ ದಯಮಾಡಿಸಿದರು. ವಯಸ್ಸು ಮೂರೂವರೆ. ರಿಜಿಸ್ಟರಿನಲ್ಲಿ ಬರೆದೆ — ಹೆಸರು: ಗುಂಡು. ಯಾರನ್ನು ನೋಡಲು: ಅಮ್ಮನನ್ನು. ಕಾರಣ: ಬೇರೆ ಜಾಗ ಇಲ್ಲ.
ಬರೆಯದೆ ಯಾರನ್ನೂ ಒಳಗೆ ಬಿಡಬಾರದು, ಇದು ಸೆಕ್ಯುರಿಟಿ ಕೆಲಸದ ಮೊದಲ ಪಾಠ. ಹೆತ್ತ ಮಗಳಾದರೇನು?

ಮಾರ್ಚ್ 5
ಗುಂಡುವನ್ನು ನೋಡಿಕೊಳ್ಳುತ್ತಿದ್ದ ಅತ್ತಿಗೆಗೂ ಕೆಲಸ ಸಿಕ್ಕಿದಾಗಿನಿಂದ ಈ ಪಾಡು. ಡೇ ಕೇರ್‌ಗೆ ಫೋನ್ ಮಾಡಿದೆ. ಸಂಬಳವನ್ನು ಹಾಗೇ ಎತ್ತಿ ಅವರಿಗೆ ಕೊಟ್ಟರೆ ಯೂನಿಫಾರ್ಮ್ ತೊಟ್ಟ ಸಂತೋಷ ಮಾತ್ರ ನನಗೆ. ಕಡಿಮೆ ಫೀಸಿನ ಇನ್ನೊಂದರಲ್ಲಿ ನಮಗಿಂತ ಮುಂದೆ ಅರವತ್ತೊಂದು ಮಕ್ಕಳು. ಸರದಿ ಬರುವ ಹೊತ್ತಿಗೆ ಗುಂಡು ತನ್ನ ಮಕ್ಕಳನ್ನೇ ಸೇರಿಸಬಹುದು.
ಯಜಮಾನರು ಲಾರಿ ಮೇಲೆ. "ಒಂದ್ ವಾರ ಹೇಗಾದ್ರೂ ಸುಧಾರಿಸ್ಕೊಳೇ." ಆ ಒಂದು ವಾರಕ್ಕೆ ಇದು ನಾಲ್ಕನೆಯ ವಾರ.
ಅಕೌಂಟ್ಸ್ ಮೇಡಂ ಸಿಗ್ನಲ್ ಹುಡುಕಿಕೊಂಡು ಗೇಟಿಗೆ ಬಂದರು. ಪಕ್ಕದ ಮನೆಯಲ್ಲಿ ಬಿಟ್ಟ ಮಗನಿಗೆ ಫೋನ್: "ಆಂಟೀನ ಸತಾಯಿಸ್ಬೇಡ್ವೋ, ನಿನ್ ಕಾಲಿಗೆ ಬೀಳ್ತೀನಿ." ಮೇಲಿನ ಮಹಡಿಯವರೂ ಕಾಲಿಗೆ ಬೀಳುತ್ತಾರೆ! ಸಮಾಧಾನವಾಯಿತು. ಆಮೇಲೆ... ಪಾಪ ಅನಿಸಿತು.

ಮಾರ್ಚ್ 14, ಸಂಜೆ
ಸಿಕ್ಕಿಬಿದ್ದೆ. ನನ್ನದೇ ಅಕ್ಷರಕ್ಕೆ. ಮ್ಯಾನೇಜರ್ ರಿಜಿಸ್ಟರ್ ತಿರುವಿದರು.
"ಯಾರಮ್ಮ ಇದು ಗುಂಡು? ದಿನಾ ಬರ್ತಿದಾರೆ? ಸಪ್ಲೈಯರ್ರಾ?"
ಮೇಜಿನ ಕೆಳಗಿಂದ ಸಪ್ಲೈಯರ್ ಎದ್ದು ಸೆಲ್ಯೂಟ್ ಹೊಡೆದರು.
ಮ್ಯಾನೇಜರಿಗೆ ನಗು ಬಂತು. ನುಂಗಿಕೊಂಡರು. "ನೋಡಮ್ಮ, ವಿಸಿಟರ್ ಬರೋದು ಸ್ಟಾಫ್ ನೋಡೋಕೆ. ನೀನು ಕಾಂಟ್ರಾಕ್ಟ್‌ನೋಳು. ಸೋಮವಾರದಿಂದ ಮಗು ಇಲ್ಲಿ ಕಂಡ್ರೆ, ಬೇರೆಯವರನ್ನ ಕಳಿಸಿ ಅಂತೀನಿ ಏಜೆನ್ಸಿಗೆ."
ಏಳು ವರ್ಷ ಗೇಟ್ ಕಾದೆ. ನನ್ನನ್ನು ನೋಡಲು ಯಾರೂ ಬರುವಂತಿಲ್ಲ ಎಂಬುದು ಇಂದೇ ತಿಳಿದದ್ದು.

ಮಾರ್ಚ್ 17, ಸೋಮವಾರ, 8.40
ಎರಡು ದಿನ ಬೀದಿಯ ಬಾಗಿಲೆಲ್ಲ ತಟ್ಟಿದೆ. ಎಲ್ಲರೂ ದುಡಿಯಲು ಹೋಗುವವರೇ. ಗುಂಡು ಮೇಜಿನ ಕೆಳಗೆ, ರೇನ್‌ಕೋಟುಗಳ ಹಿಂದೆ. ಎಂಟ್ರಿ ಇಲ್ಲದೆ ಒಬ್ಬರನ್ನು ಒಳಗೆ ಬಿಟ್ಟದ್ದು ಇದೇ ಮೊದಲು.

8.50
ಅಕೌಂಟ್ಸ್ ಮೇಡಂ ಬಂದರು. ಜೊತೆಗೆ ಮಗ, ಒಂದೇ ಕಾಲಿಗೆ ಸಾಕ್ಸ್.
"ಪಕ್ಕದ್ಮನೆ ಆಂಟಿ ಕೈಯೆತ್ತಿಬಿಟ್ರು ಕಣಮ್ಮ. ಗುಂಡು ಎಲ್ಲಿ?"
ರೇನ್‌ಕೋಟು ಕಿಸಕ್ಕೆಂದಿತು. ಮೇಡಂ ರಿಜಿಸ್ಟರಿನ ಮೇಲೆ ಕಣ್ಣಾಡಿಸಿದರು.
"ಮತ್ತೆ ಬರೆದೇ ಇಲ್ಲ?"
"ನನ್ನ ನೋಡೋಕೆ ಯಾರೂ ಬರೋ ಹಾಗಿಲ್ವಂತೆ ಮೇಡಂ."
"ನನ್ನ ನೋಡೋಕೆ ಬರಬಹುದಲ್ಲ? ನಾನು ಸ್ಟಾಫು. ಬರಿ, ಇಬ್ರಿಗೂ ನನ್ನ ಹೆಸರೇ."
ಬರೆದೆ. ಗುಂಡುವಿನ ಕಾರಣ ಎಂದಿನದೇ — ಬೇರೆ ಜಾಗ ಇಲ್ಲ. ಮಗನ ಸಾಲಿಗೆ ಬಂದಾಗ ಮೇಡಂ ಪೆನ್ನು ಕಸಿದುಕೊಂಡರು. ನನ್ನ ಅಕ್ಷರದ ಕೆಳಗೆ ಎರಡು ಪುಟ್ಟ ಗೀಟು ಎಳೆದರು. ಮೇಲಿನದೇ, ಅಂತ.

9.02
ತಿರುವಿನಲ್ಲಿ ಮ್ಯಾನೇಜರ್ ಕಾರು. ಆ ಪುಟವನ್ನೇ ತೆರೆದಿಟ್ಟಿದ್ದೇನೆ. ಮೇಡಂ ಮೇಲೆ ಹೋಗಿಲ್ಲ, ಪಕ್ಕದಲ್ಲೇ ನಿಂತಿದ್ದಾರೆ. ಮೇಜಿನ ಕೆಳಗೆ ಗುಂಡು ಹೊಸಬನಿಗೆ ಸೆಲ್ಯೂಟ್ ಕಲಿಸುತ್ತಿದ್ದಾಳೆ — "ಎಡಗೈ ಅಲ್ವೋ ದಡ್ಡ!"
ಹಾರ್ನ್. ಗೇಟ್ ತೆರೆಯ—