ಕೈತಪ್ಪಿದ ಒಂದು ಓಟು

ಸುಲೇಪೇಟ ಮಗ್ಗುಲ ನಮ್ಮೂರಿನಿಂದ,
೬ ಆಗಸ್ಟ್ ೨೦೨೩, ಭಾನುವಾರ

ಮಗಳೇ ರಾಧಿಕಾ,

ನೀನೂ ಅಳಿಯ ಸುರೇಶಕುಮಾರರೂ ಶಹಾಬಾದಿನಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ. ನೀನು ಫೋನು ಮಾಡಿದಾಗಲೆಲ್ಲ ನಾನು "ಆಮ್ಯಾಲ ಮಾತಾಡ್ತೀನಿ" ಎಂದು ಇಟ್ಟುಬಿಟ್ಟೆ, ಬೇಸರ ಮಾಡಿಕೊಳ್ಳಬೇಡ. ಈಗ ಯಾರ ಮೊಬೈಲಿನಲ್ಲಿ ಯಾರ ಮಾತು ರೆಕಾರ್ಡ್ ಆಗುತ್ತದೋ ಹೇಳಲಾಗದು. ಅದಕ್ಕೇ ಈ ಕಾಗದ. ಊರ ಡಬ್ಬಿಗೆ ಹಾಕದೆ ನಾನೇ ನಾಳೆ ಸುಲೇಪೇಟಕ್ಕೆ ಹೋಗಿ ಹಾಕುತ್ತೇನೆ.

ಮಳೆ ಚೆನ್ನಾಗಿ ಆಗಿದೆ. ತೊಗರಿ ಮೊಣಕಾಲುದ್ದ ಬಂದಿದೆ. ಕಸವೂ ಅಷ್ಟೇ ಬಂದಿದೆ, ಎಡೆ ಹೊಡೆದು ಅದನ್ನು ತೆಗೆಯಲು ಜೋಡಿ ಎತ್ತಿಲ್ಲ. ಯಾಕೆ ಇಲ್ಲ ಎಂಬುದನ್ನು ಹೇಳಲೇ ಕುಳಿತಿದ್ದೇನೆ.

ಪಂಚಾಯಿತಿ ಅಧ್ಯಕ್ಷರ ಚುನಾವಣೆಯಲ್ಲಿ ನಾನು ಸೋತದ್ದು ನಿನಗೆ ಗೊತ್ತು. ಈ ಸಲ ಆ ಕುರ್ಚಿಗೆ ಮೀಸಲಾತಿ ಇರಲಿಲ್ಲ. ಅದು ಗಂಡಸರು ಕೂಡುವ ಜಾಗ ಎಂದು ನಾನು ತಿಳಿದವನು, ಈಗಲೂ ಹಾಗೇ ತಿಳಿದಿದ್ದೇನೆ. ನಿಮ್ಮವ್ವನ ವಾರ್ಡು ಹೆಂಗಸರಿಗೆ ಮೀಸಲಾದಾಗ ಅವಳನ್ನು ನಿಲ್ಲಿಸಿ ಗೆಲ್ಲಿಸಿದೆನಲ್ಲ, ಅದು ಕಾಯ್ದೆಗೆ ತಲೆಬಾಗಿ. ಸಂಘಮಿತ್ರಾ ಹಾಗಲ್ಲ. ಸೇಡಂನಲ್ಲಿ ಓದಿ ಬಂದ ನಿನ್ನ ವಯಸ್ಸಿನ ಹುಡುಗಿ, ತಾನೇ ಎದ್ದು ನನ್ನ ಎದುರು ನಿಂತಳು. ಸದಸ್ಯರ ಮನೆಮನೆಗೆ ಹೋಗಿ ಮಾತು ತೆಗೆದುಕೊಂಡಿದ್ದೆ. ಗೆಲ್ಲುವಷ್ಟು ಓಟು ನನ್ನ ಕಡೆಗಿದ್ದವು. ಚೀಟಿ ಎಣಿಸಿದಾಗ ಒಂದು ಓಟು ಆಚೆ ಹೋಗಿತ್ತು. ಒಂದೇ ಓಟು!

ಯಾರದು? ಗುಪ್ತ ಮತದಾನ, ಕೇಳಿದರೆ ಎಲ್ಲರೂ ಹರಿಶ್ಚಂದ್ರರು. ಸದಸ್ಯೆ ಮರೆಮ್ಮನನ್ನು ಹನುಮಂತದೇವರ ಗುಡಿಗೆ ಕರೆದು ಆಣೆ ಮಾಡು ಎಂದೆ. "ನಾ ನಿಮಗೇ ಹಾಕೀನ್ರಿ ಗೌಡ್ರ, ಆದ್ರ ಹಿಂಗ ಗುಡಿಗಿ ಕರದು ಕೇಳಾಕ ನೀವು ಯಾರ್ರಿ?" ಎಂದು ಸೆರಗು ಕೊಡವಿ ಹೋದಳು.

ಕಡೆಗೆ ಉಳಿದವನು ಮಜೀದಸಾಬ. ಚುನಾವಣೆಯ ಹಿಂದಿನ ದಿನ ಅವನು ಸಂಘಮಿತ್ರಾಳ ಕಾಕಾನ ಜೊತೆ ಹೋಟೆಲಿನಲ್ಲಿ ಚಹಾ ಕುಡಿದಿದ್ದ. ಓಟು ಹಾಕಲು ತಡವಾಗಿ ಬಂದ. ಫಲಿತಾಂಶ ಕೇಳಿ ನನ್ನ ಮುಖ ನೋಡಲಿಲ್ಲ. ಇಷ್ಟು ಸಾಲದೇ? ನಿನಗೆ ಗೊತ್ತಲ್ಲ, ಅವನ ಮನೆಯಲ್ಲಿ ಒಂದು ಎತ್ತು, ನಮ್ಮ ಮನೆಯಲ್ಲಿ ಒಂದು. ಎರಡೂ ಕೂಡಿಯೇ ನಮ್ಮಿಬ್ಬರ ಹೊಲ ಆಗುತ್ತಿತ್ತು. ಮೊನ್ನೆ ಅವನು ತನ್ನ ಹೊಲದಲ್ಲಿ ಎಡೆ ಹೊಡೆಯುತ್ತಿದ್ದಾಗಲೇ ಹೋಗಿ, ಸಾಲಿನ ನಡುವೆ ನಮ್ಮ ಎತ್ತಿನ ಕೊರಳಹಗ್ಗ ಬಿಚ್ಚಿದೆ.

"ಯಾಕೋ ಧರ್ಮಣ್ಣ, ನನ್ನ ಮ್ಯಾಲ ಶಕ್ ಮಾಡಾಕತ್ತೀಯೇನು?" ಎಂದ.

"ನಿನ್ನ ಮನಸ್ಸಿಗೇ ಕೇಳಿಕೋ" ಎಂದೆ.

ಅವನು ಜಗಳಕ್ಕೆ ಬರಲಿಲ್ಲ. "ಒಯ್ಯಿ. ಮಂದಿಗಿ ಏನರ ಹೇಳ್ತಿ, ಈ ಮೂಕ ಜೀವಕ್ಕ ಏನು ಹೇಳ್ತಿ?" ಎಂದು ನೊಗ ಹಿಡಿದುಕೊಂಡೇ ನಿಂತಿದ್ದ. ಈಗ ಎರಡೂ ಹೊಲದಲ್ಲಿ ಕಸ ಬೆಳೆಯುತ್ತಿದೆ. ನಾನು ಬರುವುದು ಕಂಡರೆ ಕಟ್ಟೆಯ ಮೇಲಿನ ಮಾತು ನಿಲ್ಲುತ್ತದೆ. ನನ್ನ ಬಗ್ಗೆಯೇ ಆಡುತ್ತಿರುತ್ತಾರೆ, ಬೇರೇನು?

ನಿನ್ನನ್ನೂ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಸಂಘಮಿತ್ರಾ ಕಾಲೇಜಿನಲ್ಲಿ ನಿನ್ನ ಜೊತೆಯವಳಲ್ಲವೇ? ನಿನಗೇನಾದರೂ ಮೊದಲೇ ತಿಳಿದಿತ್ತೇ?

ಆರೋಗ್ಯ ನೋಡಿಕೋ. ಅಳಿಯಂದಿರಿಗೆ ನನ್ನ ಶರಣು ತಿಳಿಸು. ನಿನ್ನ ಮನೆಯ ಒಲೆ ಎಂದೂ ಆರದಿರಲಿ, ನಿನ್ನ ಬೆನ್ನ ಹಿಂದೆ ಆಡಿಕೊಳ್ಳುವವರು ಯಾರೂ ಹುಟ್ಟದಿರಲಿ ಎಂದು ಹರಸುವ

ನಿನ್ನ ಅಪ್ಪ,
ಧರ್ಮಣ್ಣ

ತಾ.ಕ.: ಇಷ್ಟು ಬರೆದು ಮಡಚುವಾಗ ನಿಮ್ಮವ್ವ ಚಹಾ ತಂದಳು. "ಯಾರಿಗಿ ಬರ್ದೀರಿ?" ಎಂದಳು. ಹೇಳಿದೆ. ಮಜೀದಸಾಬನ ಮೋಸವನ್ನೂ ಬರೆದಿದ್ದೇನೆ ಎಂದೆ. ಅವಳು ಕಪ್ಪು ಕೆಳಗಿಟ್ಟು, "ಆ ಮನಷ್ಯಾಗ ಯಾಕ ಅಂತೀರಿ? ಆ ಓಟು ನಂದು" ಎಂದಳು.

ತಮಾಷೆ ಎಂದುಕೊಂಡೆ. ಅವಳು ನಗಲಿಲ್ಲ. ಯಾಕೆ ಎಂದು ಕೇಳಿದೆ.

"ನಳ ಎಲ್ಲಿ ಕೂಡಸಬೇಕಂತ ಮೀಟಿಂಗಿನಾಗ ಮಾತು ಬಂತು. ಸಂಘಮಿತ್ರಾ ನನ್ನ ಕಡಿ ತಿರುಗಿ, 'ದ್ರೌಪದಿ ಅಕ್ಕಾ, ನೀವೇನಂತೀರಿ?' ಅಂದ್ಳು. ನಾ ಬಾಯಿ ತೆಗೆಯೋದ್ರಾಗ ನೀವು, 'ಆಕಿ ಏನಂತಾಳ, ನಾ ಅಂದಿದ್ದೇ ಆಕಿದು' ಅಂದ್ರಿ. ಎಲ್ಲಾರೂ ನಕ್ಕರು."

ನನಗೆ ಆ ಮೀಟಿಂಗು ನೆನಪಿದೆ. ನಕ್ಕದ್ದು ನೆನಪಿಲ್ಲ.

"ಊರಾಗಿನ ಒಬ್ಬೊಬ್ಬರ ಮ್ಯಾಲೂ ಸಂಶಯ ಪಟ್ರಿ. ಗುಡಿಗಿ ಕರದ್ರಿ, ಆಣಿ ಮಾಡಂದ್ರಿ. ನನಗ ಒಮ್ಮಿನೂ ಕೇಳಲಿಲ್ಲ. ನಾ ಹಾದಿ ನೋಡಿದೆ" ಎಂದಳು. "ನನಗೂ ಒಂದು ಓಟು ಅದ ಅಂಬೋದೇ ನಿಮಗ ಗೊತ್ತಿಲ್ಲ."

ಅಷ್ಟು ಹೇಳಿ ಒಳಗೆ ಹೋದಳು. ಈಗ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿದೆ. ಎದ್ದು ಹೋಗಿ ಅವಳನ್ನು ಏನಾದರೂ ಕೇಳಬೇಕು ಅನ್ನಿಸುತ್ತಿದೆ ಮಗಳೇ. ಏನು ಕೇಳಬೇಕೆಂದು ಮಾತ್ರ ತಿಳಿಯುತ್ತಿಲ್ಲ.