ಮನೆಯಲ್ಲಿ ಉಳಿದ ಬಿಳಿ ಬಟ್ಟೆ

ಸೂರ್, ದಿಯಾರ್‌ಬಕಿರ್
ಡಿಸೆಂಬರ್ ೨೦೧೫, ಶುಕ್ರವಾರ

ನನ್ನ ಕರುಳೇ ನೆರ್ಗಿಜ್, ನಿನ್ನ ಎರಡೂ ಕಣ್ಣಿಗೆ ಅಮ್ಮನ ಮುತ್ತು.

ಈ ಪತ್ರ ನಿನ್ನ ಕೈ ಸೇರಿದರೆ ನಿನ್ನ ಮಗಳೂ ಸೇರಿದಳೆಂದೇ ಅರ್ಥ. ಮೊದಲು ಅವಳನ್ನು ಎತ್ತಿಕೋ, ಆಮೇಲೆ ಓದು. ಕರ್ಫ್ಯೂ ಬಿದ್ದಾಗಿನಿಂದ ಕರೆಂಟಿಲ್ಲ, ಫೋನೂ ಸತ್ತಿದೆ. ಮೆರ್ಸಿನ್‌ನಲ್ಲಿ ಕಿತ್ತಳೆ ಪೆಟ್ಟಿಗೆ ತುಂಬುತ್ತ ನೀನೆಷ್ಟು ಹೆದರಿದ್ದೀಯೋ ಎಂದು ನೆನೆದರೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಇಳಿಸಲು ರೊಟ್ಟಿಯೂ ಇಲ್ಲ ಅನ್ನು.

ಬೆಳಿಗ್ಗೆ ಪೊಲೀಸರ ಮೈಕು ಕೂಗಿತು. ನಾಳೆ ಬಿಳಿ ಬಟ್ಟೆ ಎತ್ತಿ ಹಿಡಿದು ಬಂದವರನ್ನು ಹೊರಗೆ ಬಿಡುತ್ತಾರಂತೆ. ಬಿಳಿ ಬಟ್ಟೆಗೆ ಎಲ್ಲಿಗೆ ಹೋಗಲಿ? ಮಾಳಿಗೆಯ ಮೇಲಿನ ಪೊಲೀಸರ ಬಂದೂಕಿಗೆ ಓಣಿ ಕಾಣದಿರಲೆಂದು ನಮ್ಮ ಕೇರಿಯ ಹುಡುಗರು ಎಲ್ಲರ ಮನೆಯ ಹಾಸಿಗೆ ಬಟ್ಟೆಯನ್ನೂ ಅಡ್ಡ ಕಟ್ಟಿದ್ದಾರೆ. ಉಳಿದದ್ದು ನನ್ನ ತಲೆವಸ್ತ್ರ ಒಂದೇ. ಒಗೆದು ಒಲೆಯ ಪಕ್ಕ ಹರವಿದ್ದೇನೆ.

ಹುಡುಗರು ಬಂದೂಕು ಹಿಡಿದು ಬಾಗಿಲ ಮುಂದೆ ಕಂದಕ ತೋಡಿದ ದಿನ ಅದನ್ನೇ ಅವರ ಕಾಲ ಬಳಿ ಎಸೆದಿದ್ದೆ. ಹೆಂಗಸು ತಲೆವಸ್ತ್ರ ನಡುವೆ ಎಸೆದರೆ ರಕ್ತದ ಹಗೆಯವರೂ ಕೈ ಇಳಿಸುತ್ತಿದ್ದರಲ್ಲ, ನಿನ್ನ ಅಜ್ಜಿ ಎರಡು ಮನೆತನದ ಜಗಳವನ್ನು ಹಾಗೇ ನಿಲ್ಲಿಸಿದ್ದಳು. ಪಕ್ಕದ ಮನೆ ಖೆಜಾಲ್‌ಳ ತಮ್ಮ ಶಿಯಾರ್ ಅದನ್ನೆತ್ತಿ, ಮಣ್ಣು ಕೊಡವಿ, ಮುತ್ತಿಟ್ಟು ನನ್ನ ತಲೆಗೆ ಹಾಕಿದ. “ನಾವು ನಿಲ್ಲಿಸ್ತೀವಿ ದೊಡ್ಡಮ್ಮ. ಆ ಕಡೆ ಟ್ಯಾಂಕಿಗೂ ಒಂದ್ಸಲ ಎಸೆದು ನೋಡಿ” ಅಂದ. ಹಾಳಾದವನು! ನಗುವೂ ಬಂತು, ಅಳುವೂ ಬಂತು. ಆ ಕಬ್ಬಿಣಕ್ಕೆ ಮುಖವೇ ಇಲ್ಲವಲ್ಲ, ಯಾರ ಕಾಲಿಗೆ ಎಸೆಯಲಿ?

ನಿನ್ನ ಹೇಲಿನ್ ಈಗ ಗುಂಡಿನ ಸದ್ದಿಗೆ ಅಳುವುದಿಲ್ಲ. ತಾನೇ ಬಾಯಿ ಮುಚ್ಚಿಕೊಂಡು ಮೆಟ್ಟಿಲ ಕೆಳಗೆ ಓಡುತ್ತಾಳೆ. ಅತ್ತಿದ್ದರೆ ನನಗಿಷ್ಟು ಹೆದರಿಕೆಯಾಗುತ್ತಿರಲಿಲ್ಲ. ನಾಳೆ ಖೆಜಾಲ್ ಅವಳನ್ನು ಎತ್ತಿಕೊಂಡು ಹೊರಡುತ್ತಾಳೆ. ಓಣಿಯ ತುದಿಯವರೆಗೂ ಪರದೆಯಿದೆ, ನಲ್ಲಿಯ ಮೂಲೆಯಲ್ಲಿ ಮಾತ್ರ ಇಲ್ಲ. ವಸ್ತ್ರವನ್ನು ಕೋಲಿಗೆ ಕಟ್ಟಿ ಹೇಲಿನ್ ಕೈಗೇ ಕೊಡುತ್ತೇನೆ. ಮಗು ಹಿಡಿದಿದ್ದರೆ ಹೊಡೆಯಲಾರರು. ಹೊಡೆಯಲಾರರು, ಅಲ್ಲವೇನೇ?

“ನೀವೂ ಹೊರಡಿ ದೊಡ್ಡಮ್ಮ, ಹಟ ಮಾಡ್ಬೇಡಿ” ಎಂದು ಖೆಜಾಲ್ ಬೈಯುತ್ತಲೇ ಇದ್ದಾಳೆ. ನಿಮ್ಮಪ್ಪನನ್ನು ಬಿಟ್ಟು ಹೇಗೆ ಬರಲಿ? ಕೆಳಗಿನ ತಣ್ಣನೆ ಕೋಣೆಯಲ್ಲಿ ಮಲಗಿಸಿದ್ದೇನೆ. ಮಂಡಿನೋವೆಂದು ಗೊಣಗುವುದನ್ನೂ ಬಿಟ್ಟಿದ್ದಾರೆ. ಅವರದೊಂದು ವ್ಯವಸ್ಥೆ ಮಾಡಿ ಬರುತ್ತೇನೆ. ನೀನು ಮಾತ್ರ ಈ ಕಡೆ ಬರಬೇಡ, ನನ್ನಾಣೆ.

ಮಗುವಿನ ಕೂದಲು ಬಾಚಲು ಇಲ್ಲಿ ನೀರಿರಲಿಲ್ಲ, ಸಿಕ್ಕಾಗಿದೆ. ಮೆಲ್ಲಗೆ ಬಿಡಿಸು.

ನಿನ್ನನ್ನು ಹೆತ್ತವಳು,
ಬೆಸ್ನಾ

ಮರೆತ ಮಾತು: ನಿನ್ನ ಮದುವೆಗೆಂದು ನಾನು ಕಸೂತಿ ಹಾಕಿದ್ದ ಕೆಂಪು ಹೂವಿನ ಹೊದಿಕೆಯನ್ನು ಇನ್ನು ಕೇಳಬೇಡ. ಅದು ನಿಮ್ಮಪ್ಪನ ಮೈಮೇಲಿದೆ. ಸೋಮವಾರ ಹೇಲಿನ್‌ಗೆ ನೀರು ತರುತ್ತೇನೆಂದು ನಲ್ಲಿಯ ಮೂಲೆ ದಾಟಲು ಹೋದರು. ಶಿಯಾರ್ ಎಳೆದು ತರುವಷ್ಟರಲ್ಲಿ ಉಸಿರಿರಲಿಲ್ಲ. ಮಣ್ಣು ಕೊಡಲೂ ಹೊರಗೆ ಬಿಡುತ್ತಿಲ್ಲ ಮಗಳೇ. ಕಫನ್ನಿಗೆ ಬಟ್ಟೆಯಿರಲಿಲ್ಲ, ನನ್ನ ತಲೆವಸ್ತ್ರವನ್ನೇ ಅವರ ಮುಖಕ್ಕೆ ಹೊದಿಸಿದ್ದೆ. ಇವತ್ತು ಮೈಕು ಕೂಗಿದ ಮೇಲೆ ಕ್ಷಮೆ ಕೇಳಿ ತೆಗೆದುಕೊಂಡೆ. ನಿನ್ನೆ ರಾತ್ರಿ ಬಿದ್ದ ಹಿಮ ಕರಗಿಸಿ ಎಷ್ಟು ಉಜ್ಜಿದರೂ ಒಂದು ಕಡೆ ಕಲೆ ಹೋಗಿಲ್ಲ. ಆ ಭಾಗವನ್ನು ಒಳಕ್ಕೆ ಮಡಚಿ ಕಟ್ಟುತ್ತೇನೆ, ಪೊಲೀಸರಿಗೆ ಬಿಳಿಯಾಗಿಯೇ ಕಾಣಲಿ.