ಗಾಜಿನ ಕೋಣೆಯಲ್ಲಿ ನೀನು ಹಾಡಿದ ರಾಷ್ಟ್ರಗೀತೆ

ಅಕ್ಕ,

ಆಪರೇಷನ್ ಮುಗಿಯಿತೆಂದು ಭಾವ ಫೋನ್ ಮಾಡಿದ್ದರು. ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದಿದ್ದಾರಂತೆ. ಎಚ್ಚರವಾದ ಮೇಲೆ ನೀನು ಚೀಟಿಯಲ್ಲಿ ಮೊದಲು ಬರೆದದ್ದು, "ತಂಗಿ ಟೇಪ್ ಯಾವಾಗ ತರ್ತಾಳೆ?"

ಟೇಪ್ ಇಲ್ಲ, ಅಕ್ಕ. ಯಾವತ್ತೂ ಇರಲಿಲ್ಲ.

ಹಳೆಯ ರಾಷ್ಟ್ರಗೀತೆಯ ಮೊದಲ ಸಾಲು ನಿನ್ನೊಬ್ಬಳ ಧ್ವನಿಯಲ್ಲಿತ್ತು. ಇಪ್ಪತ್ತೆರಡು ವರ್ಷ ಬೆಳಗ್ಗೆ ಆರಕ್ಕೆ ರೇಡಿಯೋದಲ್ಲಿ ನೀನೇ ದೇಶವನ್ನು ಎಬ್ಬಿಸುತ್ತಿದ್ದೆ. ನೀನು ಅಂಗಡಿಗೆ ಕಾಲಿಟ್ಟರೆ ಅಂಗಡಿಯವನು, "ಬಂದ್ರಪ್ಪಾ, ಎಲ್ರೂ ಎದ್ ನಿಂತ್ಕೊಳ್ಳಿ!" ಎಂದು ನಗಿಸುತ್ತಿದ್ದ. ಸರ್ಕಾರ ಉರುಳಿದ ಮೇಲೆ ಅದೇ ಅಂಗಡಿಯವನು ನಿನ್ನನ್ನು ಕಂಡು ಬಾಗಿಲು ಎಳೆದುಕೊಂಡ.

ಹೊಸ ಗೀತೆಗೆ ನಲವತ್ತು ಜನರ ಮೇಳ ಬೇಕಾಗಿತ್ತು. "ಹಿಂದಿನ ಸಾಲಲ್ಲಾದ್ರೂ ನಿಲ್ಲಿಸೇ, ನಿನ್ ಕಾಲಿಗೆ ಬೀಳ್ತೀನಿ" ಎಂದು ನೀನು ನನ್ನನ್ನು ಕೇಳಿದೆ. ರೇಡಿಯೋ ನಿಲಯದಲ್ಲಿ ಧ್ವನಿಮುದ್ರಣ ಮಾಡುತ್ತಿದ್ದ ನಾನು ನಮ್ಮ ನಿರ್ದೇಶಕರನ್ನು ಕೇಳಿದೆ. "ನಿಮ್ಮಕ್ಕನ ಗಂಟಲು ಕೇಳಿದ್ರೆ ಜನ ಎದ್ದೇನೋ ನಿಲ್ತಾರಮ್ಮ, ಆದ್ರೆ ಹಳೇ ಸರ್ಕಾರಕ್ಕೆ" ಎಂದರು. ಮರುದಿನ ಅವರೇ ದಾರಿ ತೋರಿಸಿದರು. "ಕರೆಸಿ, ಹಾಡಿಸಿ, ಕಳಿಸಿ. ಕೇಳಿಸಬಾರದು ಅಷ್ಟೆ."

ಸ್ಟುಡಿಯೋದ ಮೂಲೆಯಲ್ಲಿದ್ದ ಗಾಜಿನ ಕೋಣೆಯಲ್ಲಿ ನಿನ್ನನ್ನು ನಿಲ್ಲಿಸಿದೆ. ಒಂಟಿ ಗಾಯಕರ ಧ್ವನಿ ಬೇರೆಯವರ ಮೈಕಿಗೆ ಬೀಳದಿರಲೆಂದು ಕಟ್ಟಿದ ಕೋಣೆ ಅದು. ಮೇಳದವರ ಹಾಡು ಹೆಡ್‌ಫೋನಿನಲ್ಲಿ ನಿನಗೆ ಕೇಳುತ್ತಿತ್ತು. "ನೋಡಿದ್ರಾ, ನನಗೆ ಬೇರೆ ರೂಮು!" ಎಂದು ಅವರಿಗೆಲ್ಲ ಕಣ್ಣು ಮಿಟುಕಿಸಿ ಒಳಗೆ ಹೋದೆ. ನಾನು ಆ ಕೋಣೆಯ ಮೈಕಿನ ವೈರು ಕಿತ್ತಿಟ್ಟೆ. ನೀನು ಹನ್ನೊಂದು ಸಲ ಹಾಡಿದೆ. ಕತ್ತಿನ ನರ ಉಬ್ಬುವುದು ಕಂಡಿತು, ಕಣ್ಣೀರು ಕಂಡಿತು, ಸದ್ದು ಬರಲಿಲ್ಲ. ಪ್ರತಿ ಸಲವೂ ನಾನು ಹೆಬ್ಬೆರಳೆತ್ತಿ ಚೆನ್ನಾಗಿದೆ ಎಂದೆ.

ನಿನ್ನ ಹಾಡನ್ನು ಮುದ್ರಿಸಿಕೊಂಡು ಬಳಸದೆ ಬಿಡಬಹುದಿತ್ತು. ನಿರ್ದೇಶಕರು ವೈರು ಕೀಳಲು ಹೇಳಿರಲಿಲ್ಲ. ಹಾಗಾದರೆ ಏಕೆ ಕಿತ್ತೆ? ಹೆದರಿಕೆಯಿಂದ ಎಂದು ಬಹಳ ದಿನ ನಂಬಿದ್ದೆ. ಈಗ ಅಷ್ಟು ಖಚಿತವಿಲ್ಲ. ಮನೆಗೆ ನೆಂಟರು ಬಂದಾಗಲೆಲ್ಲ ಅಮ್ಮ ನಿನ್ನನ್ನು ಹಾಡಲು ಕೂರಿಸಿ, "ಚಿಕ್ಕವಳಿಗೆ ಹಾಡು ಬರಲ್ಲ, ಬಾಯೇ ಬಿಡಲ್ಲ" ಎನ್ನುತ್ತಿದ್ದಳು. ಗಾಜಿನಾಚೆ ಸದ್ದಿಲ್ಲದ ನಿನ್ನ ಬಾಯಿ ನೋಡುತ್ತ ನನಗೆ ಒಂದು ಕ್ಷಣ ಹಾಯೆನಿಸಿತ್ತು.

ಆಮೇಲೆ ನಿನ್ನ ಹೆಸರಿದ್ದ ಹಳೆಯ ಟೇಪುಗಳನ್ನೆಲ್ಲ ಅಳಿಸಲು ಆದೇಶ ಬಂತು. ಅಳಿಸಿದವಳೂ ನಾನೇ. ಮನೆಗಳಲ್ಲಿದ್ದವನ್ನು ಜನ ಭಯಕ್ಕೆ ಸುಟ್ಟುಹಾಕಿದ್ದರು. ನೀನು ಮಾತ್ರ ದಿನಾ ಬೆಳಗ್ಗೆ ರೇಡಿಯೋದ ಹೊಸ ಗೀತೆಗೆ ಕಿವಿ ಹಚ್ಚಿ ಮಗಳಿಗೆ, "ಮೂರನೇ ಸಾಲು ಕೇಳೇ, ಅದು ನಾನು" ಎನ್ನುತ್ತಿದ್ದೆ. ಯಾರದೋ ಧ್ವನಿಯನ್ನು ಅವಳು ತಾಯಿಯದೆಂದು ಕಲಿತಳು.

ಇದನ್ನೆಲ್ಲ ಕ್ಷಮಿಸಬಹುದೇನೋ. ಕಳೆದ ತಿಂಗಳದ್ದನ್ನು ನಾನೇ ಕ್ಷಮಿಸಲಾರೆ. ಆಪರೇಷನ್ನಿಗೆ ದಿನ ಗೊತ್ತಾದಾಗ ನೀನು ಬಂದು, "ಆ ಹಾಡಲ್ಲಿ ನನ್ ಧ್ವನಿ ಮಾತ್ರ ಬೇರೆ ಮಾಡಿ ಕೊಡೇ, ಮಗೂಗೆ ಇರ್ಲಿ. ಆಗಲ್ಲ ಅಂದ್ರೆ ಈಗಲೇ ನಿನ್ ಮಿಷಿನ್ನಿಗೆ ಎರಡು ಸಾಲು ಹಾಡ್ತೀನಿ" ಎಂದೆ. ರೆಕಾರ್ಡಿಂಗ್ ಯಂತ್ರ ಮೇಜಿನ ಮೇಲೇ ಇತ್ತು. ಗುಂಡಿ ಒತ್ತಿದ್ದರೆ ಸಾಕಿತ್ತು. ಆದರೆ ಒತ್ತಿದರೆ ಟೇಪ್ ಇಲ್ಲವೆಂದು ಒಪ್ಪಿಕೊಂಡಂತೆ. "ಗಂಟಲಿಗೆ ಯಾಕೆ ಕಷ್ಟ ಕೊಡ್ತೀಯ, ಟೇಪ್ ಇದೆಯಲ್ಲ" ಎಂದೆ. ನೀನು ನನ್ನ ಕೆನ್ನೆ ತಟ್ಟಿ ಎದ್ದು ಹೋದೆ.

ಭಾವ ಫೋನ್ ಇಟ್ಟ ಮೇಲೆ ಈ ಕಾಗದ ಶುರುಮಾಡಿದ್ದೇನೆ. ನಿಜ ಹೇಳಲು ಧೈರ್ಯ ಬಂದದ್ದು, ನೀನು ನನ್ನನ್ನು ಕೂಗಿ ಬೈಯಲಾರೆ ಎಂದು ಖಾತ್ರಿಯಾದ ಮೇಲೆಯೇ.

ಗಾಯ ಬೇಗ ಮಾಗಲಿ. ಚೀಟಿಯಲ್ಲಿ ಏನು ಬರೆದು ಕಳಿಸಿದರೂ ಓದುತ್ತೇನೆ.

ನಿನ್ನ ತಂಗಿ